ಹೈಸ್ಕೂಲ್ ಇಂಗ್ಲಿಷ್ ಟೀಚರ್ ಆಗಬೇಕೆ? ಪಿಯುಸಿ ಮುಗಿದಾಗಲೇ ಯೋಚಿಸಿ

ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಬಿ.ಎ. ಮುಗಿದಿದೆಯಂತೆ. 'ಸರ್, ನಾನೂ ನಿಮ್ಮ ಹಾಗೆ ಇಂಗ್ಲಿಷ್ ಟೀಚರ್ ಆಗ್ಬೇಕು. ಬಿ.ಎಡ್. ಮಾಡಿದ್ರೆ ಸಾಕಲ್ವಾ?' ಎಂದಳು. ಪದವಿಯಲ್ಲಿ ಯಾವ ವಿಷಯ ತಗೊಂಡಿದ್ದೆ ಎಂದು ಕೇಳಿದೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. 'ಇಂಗ್ಲಿಷೂ ಇತ್ತಲ್ಲ ಸರ್, ಎಲ್ರಿಗೂ ಇರುತ್ತಲ್ಲ?'

ತೊಡಕು ಇರುವುದು ಅಲ್ಲೇ. ಪದವಿಯಲ್ಲಿ ಇಂಗ್ಲಿಷ್ ಎರಡು ರೀತಿ ಇರುತ್ತದೆ. ಒಂದು, ಭಾಷೆಯಾಗಿ ಓದುವ ಜನರಲ್ ಇಂಗ್ಲಿಷ್. ಇನ್ನೊಂದು, ಇತಿಹಾಸ, ಅರ್ಥಶಾಸ್ತ್ರದ ಹಾಗೆ ಮುಖ್ಯ ವಿಷಯವಾಗಿ ಓದುವ ಐಚ್ಛಿಕ ಇಂಗ್ಲಿಷ್. ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಹುದ್ದೆಗೆ ಬೇಕಾಗುವುದು ಈ ಎರಡನೆಯದು. ಮೂರು ವರ್ಷ ಕಳೆದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ಆ ಹುಡುಗಿಗೆ ದಾರಿ ಮುಚ್ಚಿಲ್ಲ, ಸಮಾಜ ವಿಜ್ಞಾನದ ಟೀಚರ್ ಆಗಬಹುದು. ಆದರೆ ಅವಳ ಆಸೆ ಇಂಗ್ಲಿಷ್ ಆಗಿತ್ತು.

ಅದಕ್ಕೇ ಮೊದಲ ಹೆಜ್ಜೆ ಪಿಯುಸಿ ಮುಗಿದಾಗ. ಕಾಲೇಜಿನಲ್ಲಿ ಅರ್ಜಿ ತುಂಬುವ ದಿನ ಕೌಂಟರಿನಲ್ಲೇ ಕೇಳಿ: ಇಲ್ಲಿ ಐಚ್ಛಿಕ ಇಂಗ್ಲಿಷ್ ಇದೆಯೇ? ಯಾವ ವಿಷಯಗಳ ಜೊತೆ ಕೊಡುತ್ತೀರಿ? ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಹತ್ತಿರದ ಕಾಲೇಜು ಅಂತ ಸುಮ್ನೆ ಸೇರಿಬಿಡಬೇಡಿ. ದಿನಾ ಒಂದು ಗಂಟೆ ಜಾಸ್ತಿ ಬಸ್ಸಿನಲ್ಲಿ ಕೂರಬೇಕಾದರೂ ಸರಿ, ಆ ವಿಷಯ ಇರುವ ಕಾಲೇಜಿಗೇ ಹೋಗಿ. 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಪದವಿಯಲ್ಲಿ ಶೇ 50 ಅಂಕಕ್ಕಿಂತ ಕೆಳಗಿಳಿಯಬೇಡಿ. ಮೀಸಲಾತಿ ಇರುವವರಿಗೆ ಸ್ವಲ್ಪ ಸಡಿಲಿಕೆ ಇದೆ.

ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಒಟ್ಟಿಗೇ ಮುಗಿಸುವ ಕೋರ್ಸ್ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿದೆ. ಅದಕ್ಕೆ ಪಿಯುಸಿ ಆದ ಮೇಲೆ ಪ್ರವೇಶ ಪರೀಕ್ಷೆ ಬರೆಯಬೇಕು.

ಉಳಿದವರಿಗೆ ಪದವಿಯ ನಂತರ ಬಿ.ಎಡ್. 2015ರಿಂದ ಇದು ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸರ್ಕಾರಿ ಕೋಟಾದ ಸೀಟಿಗೆ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಆನ್‌ಲೈನ್ ಅರ್ಜಿ ಹಾಕಬೇಕು. ಸೀಟು ಸಿಗುವುದು ಪದವಿಯ ಅಂಕದ ಮೇಲೆ. ಬಿ.ಎಡ್.ನಲ್ಲಿ ಎರಡು ಬೋಧನಾ ವಿಷಯ ಆರಿಸಿಕೊಳ್ಳಬೇಕಾಗುತ್ತದೆ. ಒಂದು ಇಂಗ್ಲಿಷ್ ಆಗಿರಲೇಬೇಕು. ಇನ್ನೊಂದಕ್ಕೆ ನನ್ನ ಸಲಹೆ ಸಮಾಜ ವಿಜ್ಞಾನ. ಕಾರಣ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ವಿಷಯ ಬಂದಾಗ ಹೇಳುತ್ತೇನೆ.

ಬಿ.ಎಡ್.ನ ಜೀವ ಇರುವುದು ಶಾಲೆಯಲ್ಲಿ ನಿಂತು ಪಾಠ ಮಾಡುವ ದಿನಗಳಲ್ಲಿ. ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು ಎನ್ನುತ್ತದೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ನಿಯಮ. ಬಹಳ ಜನ ಪಾಠ ಯೋಜನೆಯ ಪುಸ್ತಕವನ್ನು ಹಿಂದಿನ ಬ್ಯಾಚಿನವರಿಂದ ತಂದು ನಕಲು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದೆ ಮೂವತ್ತು ವರ್ಷ ಮಾಡುವ ಕೆಲಸವನ್ನು ಕಲಿಯಲು ಸಿಗುವ ಕಾಲ ಅದೊಂದೇ.

ನನ್ನ ಬೋಧನಾ ಅಭ್ಯಾಸ ನಡೆದದ್ದು ಸಕಲೇಶಪುರದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಪ್ಯಾಸಿವ್ ವಾಯ್ಸ್ ಪಾಠ. ಕರ್ಮ ಮುಂದೆ ಬರುತ್ತದೆ, ಕರ್ತೃ ಹಿಂದೆ ಹೋಗುತ್ತದೆ ಎಂದು ಬೋರ್ಡಿನ ತುಂಬ ನಿಯಮ ಬರೆದೆ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮರುದಿನ ಕೇಳಿದರೆ ಒಬ್ಬರಿಗೂ ಒಂದು ಸ್ವಂತ ವಾಕ್ಯ ಹೇಳಲು ಬರಲಿಲ್ಲ. ಆ ಶಾಲೆಯ ಹಿರಿಯ ಟೀಚರ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, 'ಇವರೆಲ್ಲ ಕಾಫಿ ಕಣದಲ್ಲಿ ಆಡಿ ಬೆಳೆದ ಮಕ್ಕಳು ಕಣಪ್ಪಾ. ಅಲ್ಲಿಂದ ಶುರು ಮಾಡಿ' ಎಂದರು.

ಮತ್ತೆ ಪಾಠ ಮಾಡಿದೆ. ಹಣ್ಣನ್ನು ಏನು ಮಾಡುತ್ತಾರೆ? ಕೊಯ್ಯುತ್ತಾರೆ. 'ದಿ ಫ್ರೂಟ್ಸ್ ಆರ್ ಪಿಕ್ಡ್.' ಆಮೇಲೆ? ಪಲ್ಪರ್‌ಗೆ ಹಾಕುತ್ತಾರೆ, ತೊಳೆಯುತ್ತಾರೆ, ಒಣಗಿಸುತ್ತಾರೆ, ಹುರಿಯುತ್ತಾರೆ. ಒಂದೊಂದು ಕೆಲಸಕ್ಕೂ ಒಂದೊಂದು ವಾಕ್ಯ. ಯಾರು ಕೊಯ್ದರು ಎಂದು ಇಲ್ಲಿ ಹೇಳಬೇಕಿಲ್ಲ, ಕಾಫಿಗೆ ಏನಾಯಿತು ಎಂಬುದೇ ಮುಖ್ಯ. ಪ್ಯಾಸಿವ್ ವಾಯ್ಸ್ ಯಾಕೆ ಬೇಕು ಎಂಬುದು ಮಕ್ಕಳಿಗೂ ತಿಳಿಯಿತು, ನಿಜ ಹೇಳಬೇಕೆಂದರೆ ನನಗೂ ಅವತ್ತೇ ತಿಳಿದದ್ದು. ಹಾಸನದಲ್ಲಾದರೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬ ದೇವಸ್ಥಾನವೇ ಒಳ್ಳೆಯ ವಾಕ್ಯ: 'ದಿ ಟೆಂಪಲ್ ಈಸ್ ಓಪನ್ಡ್ ಒನ್ಸ್ ಎ ಇಯರ್.'

ಇನ್ನೊಂದು ತಯಾರಿ ಯಾವ ಸಿಲಬಸ್ಸೂ ಪೂರ್ತಿ ಹೇಳಿಕೊಡುವುದಿಲ್ಲ. ನಮ್ಮ ಮಕ್ಕಳ ತಪ್ಪುಗಳು ಎಲ್ಲಿಂದ ಬರುತ್ತವೆ ಎಂದು ನೋಡುವುದನ್ನು ಕಲಿಯಿರಿ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಅದಕ್ಕೇ ಬಸ್ 'ಬಸ್ಸು' ಆಗುತ್ತದೆ, ಬುಕ್ 'ಬುಕ್ಕು' ಆಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹಾಲು 'ಆಲು' ಆಗುವುದರಿಂದ ಹೌಸ್ ಕೂಡ 'ಔಸ್' ಆಗುತ್ತದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ. ಇದು ದಡ್ಡತನ ಅಲ್ಲ. ಮಗು ತನ್ನ ಭಾಷೆಯ ಬುದ್ಧಿಯನ್ನೇ ಇಲ್ಲೂ ಬಳಸುತ್ತಿದೆ. ಇದನ್ನು ತಿಳಿದ ಟೀಚರ್ ಮಗುವನ್ನು ನಗೆಪಾಟಲು ಮಾಡುವುದಿಲ್ಲ. ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ.

ಈಗ ಟಿಇಟಿ. ವಕೀಲರಿಗೆ ಸನದು ಇರುವ ಹಾಗೆ ಶಿಕ್ಷಕರಿಗೆ ಬೇರೆ ಲೈಸೆನ್ಸ್ ನಮ್ಮಲ್ಲಿಲ್ಲ. ಪದವಿ, ಬಿ.ಎಡ್. ಮತ್ತು ಈ ಅರ್ಹತಾ ಪರೀಕ್ಷೆ ಸೇರಿ ಆ ಕೆಲಸ ಮಾಡುತ್ತವೆ. ಟಿಇಟಿ ಇರುವುದು ಎಂಟನೇ ತರಗತಿಯವರೆಗೆ ಪಾಠ ಮಾಡುವವರಿಗೆ. ಆರರಿಂದ ಎಂಟನೇ ತರಗತಿಗೆ ಎರಡನೇ ಪತ್ರಿಕೆ. ಒಟ್ಟು 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಶಿಶು ಮನೋವಿಜ್ಞಾನಕ್ಕೆ 30, ಎರಡು ಭಾಷೆಗೆ 30ರಂತೆ 60. ಉಳಿದ 60 ಅಂಕ ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನದ್ದು. ಇಂಗ್ಲಿಷ್ ಓದಿದವರೂ ಇವೆರಡರಲ್ಲಿ ಒಂದನ್ನು ಬರೆಯಲೇಬೇಕು. ಬಿ.ಎಡ್.ನಲ್ಲಿ ಸಮಾಜ ವಿಜ್ಞಾನ ತಗೊಳ್ಳಿ ಎಂದದ್ದು ಇದಕ್ಕೇ. ದಪ್ಪ ಗೈಡುಗಳಿಗಿಂತ ಆರರಿಂದ ಹತ್ತರವರೆಗಿನ ಸರ್ಕಾರಿ ಪಠ್ಯಪುಸ್ತಕಗಳನ್ನು ಸಾಲು ಬಿಡದೆ ಎರಡು ಸಲ ಓದಿ. ಒಮ್ಮೆ ಪಾಸಾದರೆ ಸಾಕು, 2021ರ ತೀರ್ಮಾನದಂತೆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ.

ಮಾವಿನಕೆರೆಯ ನವೋದಯದಂಥ ಕೇಂದ್ರದ ಶಾಲೆಗಳ ಕಡೆ ಕಣ್ಣಿದ್ದರೆ ಕೇಂದ್ರದ ಟಿಇಟಿಯಾದ ಸಿಟಿಇಟಿ ಬರೆಯಿರಿ. ರಾಜ್ಯದ ಹೈಸ್ಕೂಲ್ ಹುದ್ದೆಗೆ ಅಧಿಸೂಚನೆ ಬಂದಾಗ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಅದು ಪ್ರತಿ ವರ್ಷ ಬರುವುದಿಲ್ಲ. ಕಾಯುವ ಕಾಲದಲ್ಲಿ ಮನೆಯಲ್ಲಿ ಕೂರಬೇಡಿ. ಶಾಲೆ ಶುರುವಾಗುವ ಹೊತ್ತಿಗೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕರ ಜಾಗ ಇದೆಯೇ ಎಂದು ಮುಖ್ಯ ಶಿಕ್ಷಕರನ್ನು ವಿಚಾರಿಸಿ. ಸಂಬಳ ಕಡಿಮೆ, ಅದು ನಿಜ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಆ 80ರ ಪತ್ರಿಕೆಗೆ ಹೆದರುವ ಮಕ್ಕಳ ಜೊತೆ ಒಂದು ವರ್ಷ ಕಳೆದರೆ ಯಾವ ಕೋಚಿಂಗೂ ಕೊಡದ ಅನುಭವ ಬರುತ್ತದೆ.

ಕಾಗದಪತ್ರಗಳನ್ನು ಈಗಲೇ ಜೋಡಿಸಿಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ನಮೂನೆಗೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಕೊನೆಯ ವಾರದಲ್ಲಿ ಓಡಾಡಿದರೆ ಯಾರಾದರೊಬ್ಬರು ರಜೆಯಲ್ಲಿರುತ್ತಾರೆ. ಎಲ್ಲ ಅರ್ಜಿಯಲ್ಲೂ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಬರೆಯಿರಿ, ಇನಿಷಿಯಲ್ ಕೂಡ ಹಿಂದೆ ಮುಂದೆ ಆಗಬಾರದು.