ಒಂದೇ ಚಿಪ್, ಮೂರು ವೋಲ್ಟೇಜ್: ಎಫ್‌ಪಿಜಿಎಗೆ ಪವರ್ ಕೊಡುವುದು ಹೇಗೆ?

ಬೇಕಾದ ಸರ್ಕಿಟನ್ನು ನಾವೇ ಬರೆದು ತುಂಬಬಹುದಾದ ಚಿಪ್ ಎಫ್‌ಪಿಜಿಎ. ಮೊದಲ ಸಲ ಅದರ ಡೇಟಾಶೀಟ್ ತೆರೆದವರು ಪವರ್ ಪಿನ್‌ಗಳ ಪಟ್ಟಿ ನೋಡಿಯೇ ಸುಸ್ತಾಗುತ್ತಾರೆ. ಕಲಿಯುವವರ ಬೋರ್ಡ್‌ಗಳಲ್ಲಿ ಜಾಸ್ತಿ ಕಾಣುವ ಆರ್ಟಿಕ್ಸ್-7 ಚಿಪ್ಪನ್ನೇ ಹಿಡಿದು ನೋಡೋಣ.

ಮೊದಲು ಕೋರ್, ಅಂದರೆ ನಾವು ಬರೆದ ಸರ್ಕಿಟ್ ಓಡುವ ಒಳಭಾಗ. ಅದರ ಪವರ್‌ನ ಹೆಸರು ವಿಸಿಸಿ-ಇಂಟ್, ಸಾಮಾನ್ಯವಾಗಿ 1.0 ವೋಲ್ಟ್. ಇಷ್ಟು ಕಡಿಮೆ ಯಾಕೆ? ಒಳಗಿನ ಟ್ರಾನ್ಸಿಸ್ಟರ್‌ಗಳು 28 ನ್ಯಾನೋಮೀಟರ್ ತಂತ್ರಜ್ಞಾನದವು, ಜಾಸ್ತಿ ವೋಲ್ಟೇಜ್ ತಡೆಯುವುದಿಲ್ಲ. ಬಿಸಿಯ ಲೆಕ್ಕವೂ ಇದೆ. ಟ್ರಾನ್ಸಿಸ್ಟರ್ ಆನ್-ಆಫ್ ಆಗುವಾಗ ಖರ್ಚಾಗುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು 5 ವೋಲ್ಟ್ 1ಕ್ಕೆ ಇಳಿದರೆ, ಖರ್ಚು 25ರಲ್ಲಿ ಒಂದು ಪಾಲು.

ಬ್ಲಾಕ್ ರ‍್ಯಾಮ್‌ಗೂ 1.0 ವೋಲ್ಟೇ; ಅದು ಚಿಪ್ಪಿನೊಳಗಿನ ಮೆಮೊರಿ. ಗಡಿಯಾರ ಮುಂತಾದ ಸಹಾಯಕ ಭಾಗಗಳಿಗೆ ವಿಸಿಸಿ-ಆಕ್ಸ್, 1.8 ವೋಲ್ಟ್. ಇವೆರಡರಲ್ಲಿ ತಲೆಕೆಡಿಸಿಕೊಳ್ಳುವುದು ಏನೂ ಇಲ್ಲ, ಹೇಳಿದಷ್ಟು ಕೊಟ್ಟರಾಯಿತು.

ನಿಜವಾಗಿ ಯೋಚಿಸಬೇಕಾದ್ದು ವಿಸಿಸಿ-ಓ, ಅಂದರೆ ಹೊರಗಿನ ಭಾಗಗಳ ಜೊತೆ ಮಾತಾಡುವ ಪಿನ್‌ಗಳ ವೋಲ್ಟೇಜ್. ಮನೆಯೊಳಗೆ ಒಂದು ಭಾಷೆ ಆಡಿದರೂ ಬಾಗಿಲಿಗೆ ಬಂದವರ ಜೊತೆ ಅವರ ಭಾಷೆ ಆಡುತ್ತೇವೆ ಅಲ್ವಾ? ಹಾಗೆಯೇ ಇದು. ಪಿನ್‌ಗಳು ಬ್ಯಾಂಕ್‌ಗಳಾಗಿ ಹಂಚಿಕೊಂಡಿರುತ್ತವೆ, ಒಂದೊಂದು ಬ್ಯಾಂಕ್‌ಗೂ ಒಂದೊಂದು ವೋಲ್ಟೇಜ್ ಕೊಡಬಹುದು: 1.2ರಿಂದ 3.3ರವರೆಗೆ. ಡಿಡಿಆರ್3 ಮೆಮೊರಿ ಇರುವ ಬ್ಯಾಂಕ್‌ಗೆ 1.5, ಮಾಮೂಲಿ ಸೆನ್ಸರ್‌ಗಳ ಬ್ಯಾಂಕ್‌ಗೆ 3.3. ಸಾಫ್ಟ್‌ವೇರ್‌ನಲ್ಲಿ ಎಲ್‌ವಿಸಿಮಾಸ್33 (3.3 ವೋಲ್ಟ್ ಸಿಗ್ನಲ್‌ನ ಹೆಸರು) ಅಂತ ಸುಮ್ನೆ ಬರೆದರೆ ಪಿನ್‌ಗೆ 3.3 ಬರುವುದಿಲ್ಲ, ಬೋರ್ಡ್ ಮೇಲೆ ಆ ಬ್ಯಾಂಕ್‌ಗೆ ಅಷ್ಟು ಕೊಟ್ಟಿರಬೇಕು.

ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಒಂದನ್ನು ನಾನು ಹೀಗೇ ನೇರವಾಗಿ ಜೋಡಿಸಿದ್ದೆ. ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಎಫ್‌ಪಿಜಿಎ ಪಿನ್ ಅದನ್ನು ತಡೆಯುವುದಿಲ್ಲ. ಆ ಪಿನ್ ಮತ್ತೆ ಮಾತಾಡಲಿಲ್ಲ. 1 ಕಿಲೋ ಓಮ್, 2 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ 5 ವೋಲ್ಟನ್ನು ಸುಮಾರು 3.3ಕ್ಕೆ ಇಳಿಸಿದ್ದರೆ ಸಾಕಿತ್ತು.

ಈಗ ರೆಗ್ಯುಲೇಟರ್, ಅಂದರೆ ಬಂದ ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸಿ ಕೊಡುವ ಭಾಗ. 5 ವೋಲ್ಟಿನಿಂದ 1 ವೋಲ್ಟ್, 1 ಆಂಪ್ ತೆಗೆಯಲು ಲೀನಿಯರ್ ರೆಗ್ಯುಲೇಟರ್ ಹಾಕಿದರೆ 4 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಕೋರ್‌ಗೆ ಬಕ್ ಕನ್ವರ್ಟರ್ ಹಾಕಿ; ಅದು ವೇಗವಾಗಿ ಆನ್-ಆಫ್ ಮಾಡುತ್ತಾ ವೋಲ್ಟೇಜ್ ಇಳಿಸುವುದರಿಂದ ಬಿಸಿಯಾಗಿ ಹೋಗುವುದು ಕಡಿಮೆ.

ಆನ್ ಮಾಡುವುದಕ್ಕೂ ಒಂದು ಕ್ರಮ ಇದೆ: ಕೋರ್, ಬ್ಲಾಕ್ ರ‍್ಯಾಮ್, ಆಕ್ಸ್, ಕೊನೆಗೆ ವಿಸಿಸಿ-ಓ. ಆಫ್ ಮಾಡುವಾಗ ಉಲ್ಟಾ. ಒಂದು ರೆಗ್ಯುಲೇಟರಿನ ಪವರ್-ಗುಡ್ (ವೋಲ್ಟೇಜ್ ಸರಿಯಾಯ್ತು ಎಂದು ತಿಳಿಸುವ) ಪಿನ್ನನ್ನು ಮುಂದಿನದರ ಎನೇಬಲ್ (ಆನ್ ಮಾಡುವ) ಪಿನ್‌ಗೆ ಕೊಟ್ಟರೆ ಸರತಿ ತಾನಾಗಿಯೇ ಆಗುತ್ತದೆ.

ಕೊನೆಗೆ ಮಲ್ಟಿಮೀಟರ್ ತೆಗೆದುಕೊಳ್ಳಿ. ರೆಗ್ಯುಲೇಟರ್ ಹತ್ತಿರ ಅಳೆಯಬೇಡಿ, ಚಿಪ್ಪಿಗೆ ಅಂಟಿಕೊಂಡಂತಿರುವ ಕೆಪಾಸಿಟರ್ ಮೇಲೆ ಅಳೆಯಿರಿ. ಕೋರ್‌ಗೆ 0.95ರಿಂದ 1.05ರ ಒಳಗೆ ಇರಬೇಕು. ದಾರಿಯಲ್ಲಿ 0.05 ಓಮ್ ಇದ್ದರೂ 1 ಆಂಪ್ ಹರಿದಾಗ 0.05 ವೋಲ್ಟ್ ಅಲ್ಲೇ ಹೋಯಿತು. ಮೀಟರ್ 0.93 ತೋರಿಸಿದರೆ ಚಿಪ್ಪನ್ನು ಬೈಯುವ ಮೊದಲು ತಾಮ್ರದ ಟ್ರ್ಯಾಕ್ ಎಷ್ಟು ಅಗಲ ಇದೆ ನೋಡಿ.