ನ್ಯೂಕ್ಯಾಸಲ್‌ನಿಂದ ಸಮುದ್ರದವರೆಗೆ: ನನ್ನ ಮೊದಲ ಹಾಫ್ ಮ್ಯಾರಥಾನ್

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇರುವವರಿಗೆ ಸೆಪ್ಟೆಂಬರ್ ಅಂದರೆ ಗ್ರೇಟ್ ನಾರ್ತ್ ರನ್. ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಕಂಚು ಗೆದ್ದ ಬ್ರೆಂಡನ್ ಫಾಸ್ಟರ್ 1981ರಲ್ಲಿ ಶುರುಮಾಡಿದ ಓಟ ಇದು. ಈಗ ಐವತ್ತು ಸಾವಿರಕ್ಕೂ ಜಾಸ್ತಿ ಜನ ಓಡುತ್ತಾರೆ. ನ್ಯೂಕ್ಯಾಸಲ್‌ನಲ್ಲಿ ಹೊರಟು, ಟೈನ್ ನದಿ ದಾಟಿ, ಸೌತ್ ಶೀಲ್ಡ್ಸ್‌ನ ಕಡಲ ದಂಡೆ ಮುಟ್ಟಬೇಕು. 21.1 ಕಿಲೋಮೀಟರ್, ಅಂದರೆ ಹಾಫ್ ಮ್ಯಾರಥಾನ್. ಕೆಲಸಕ್ಕೆಂದು ಇಲ್ಲಿಗೆ ಬಂದ ವರ್ಷ ರಸ್ತೆ ಪಕ್ಕ ನಿಂತು ನೋಡಿದೆ. ಅಜ್ಜಿ ವಯಸ್ಸಿನವರು, ಮೈ ಭಾರ ಇದ್ದವರು, ಎಲ್ಲರೂ ಓಡುತ್ತಿದ್ದರು. ನಾನೂ ಓಡಬೇಕು ಅನ್ನಿಸಿತು. ಆಗ ಒಂದು ಕಿಲೋಮೀಟರ್ ಕೂಡ ನಿಲ್ಲದೆ ಓಡೋದಕ್ಕೆ ನನಗೆ ಆಗುತ್ತಿರಲಿಲ್ಲ.

ಶುರುಮಾಡಿದ್ದು ಪಾರ್ಕ್‌ರನ್‌ನಿಂದ. ಪ್ರತಿ ಶನಿವಾರ ಬೆಳಗ್ಗೆ 9ಕ್ಕೆ 5 ಕಿಲೋಮೀಟರ್, ಪೂರ್ತಿ ಉಚಿತ. 2004ರಲ್ಲಿ ಲಂಡನ್ನಿನ ಒಂದು ಪಾರ್ಕಿನಲ್ಲಿ ಹುಟ್ಟಿದ ಈ ರೂಢಿ ಈಗ ಬ್ರಿಟನ್ನಿನ ಊರೂರಲ್ಲೂ ಇದೆ. ಎಲ್ಲರಿಗಿಂತ ಹಿಂದೆ ಒಬ್ಬ ಸ್ವಯಂಸೇವಕರು ನಡೆದು ಬರುತ್ತಾರೆ. ಹಾಗಾಗಿ ನೀವು ಎಷ್ಟೇ ನಿಧಾನವಾದರೂ ಕೊನೆಯವರು ಆಗೋದಿಲ್ಲ. ನಮ್ಮ ಊರಿನದು ಟೌನ್ ಮೂರ್ ಅನ್ನುವ ದೊಡ್ಡ ಹುಲ್ಲುಗಾವಲಿನಲ್ಲಿ. ಊರ ನಡುವೆಯೇ ಇರುವ ಈ ಬಯಲಿನಲ್ಲಿ ಬೇಸಿಗೆ ಪೂರ್ತಿ ದನಗಳು ಮೇಯುತ್ತಿರುತ್ತವೆ. ಹೊಸ ದೇಶದಲ್ಲಿ ಯಾರೂ ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ.

ಅಲ್ಲಿ ಪರಿಚಯವಾದ ಹಿರಿಯರೊಬ್ಬರು ಒಂದು ಮಾತು ಹೇಳಿದರು. "ನನ್ನ ಜೊತೆ ಮಾತಾಡ್ತಾ ಓಡು. ಮಾತು ತುಂಡಾದರೆ ವೇಗ ಇಳಿಸು." ನನ್ನ ಇಡೀ ತಯಾರಿ ನಿಂತಿದ್ದು ಇದರ ಮೇಲೆ. ಓಡೋದು ಅಂದರೆ ಜೋರಾಗಿ ಓಡೋದು ಅಂತಲೇ ನಾವೆಲ್ಲ ಸ್ಕೂಲಿನಲ್ಲಿ ಕಲಿತಿದ್ದು, ಅಲ್ವಾ? ದೂರದ ಓಟಕ್ಕೆ ಅದು ನಡೆಯೋದಿಲ್ಲ. ನಿಧಾನವಾಗಿ ಓಡಿದಾಗ ಹೃದಯ ಗಟ್ಟಿಯಾಗುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಮೈಯಲ್ಲಿರುವ ಕೊಬ್ಬನ್ನು ಉರಿಸಿಕೊಂಡು ಓಡೋದು ದೇಹಕ್ಕೆ ರೂಢಿಯಾಗುತ್ತದೆ. ಇನ್ನೊಂದು ವಿಷಯ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಕೀಲುಗಳು ಪಳಗೋದಕ್ಕೆ ತಿಂಗಳುಗಳೇ ಬೇಕು. ಉಸಿರು ಚೆನ್ನಾಗಿದೆ ಅಂತ ಓಡಿದರೆ ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತದೆ. ಹಾಗಾಗಿ ವಾರಕ್ಕೆ ಮೂರೇ ದಿನ ಓಡಿದೆ. ಎರಡು ದಿನ ಆರಾಮಾಗಿ, ಒಂದು ದಿನ ಉದ್ದ. ಉದ್ದದ ಓಟವನ್ನು 8 ಕಿಲೋಮೀಟರಿನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪ ಏರಿಸುತ್ತಾ, ನಡುನಡುವೆ ಒಂದು ವಾರ ಇಳಿಸುತ್ತಾ 18ರವರೆಗೆ ಒಯ್ದೆ.

ಇಲ್ಲಿನ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಫೀಸು ಬಿಡುವಾಗ ಕಗ್ಗತ್ತಲು. ಊಟದ ಬಿಡುವಿನಲ್ಲಿ ಓಡುತ್ತಿದ್ದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಸಾಕು, ಹತ್ತು ನಿಮಿಷಕ್ಕೆ ಮೈ ಕಾಯುತ್ತದೆ. ಜೂನ್ ಬಂದರೆ ಲೆಕ್ಕ ಉಲ್ಟಾ: ರಾತ್ರಿ ಹತ್ತಾದರೂ ಬೆಳಕು. ಉದ್ದದ ಓಟಕ್ಕೆ ನನ್ನ ಇಷ್ಟದ ದಾರಿ ಟೈನ್ ನದಿ ಪಕ್ಕದ್ದು. ನ್ಯೂಬರ್ನ್‌ನಿಂದ ವೈಲಂ ಕಡೆ ಹೋಗುವ ಈ ದಾರಿಯಲ್ಲಿ ಹಿಂದೆ ಕಲ್ಲಿದ್ದಲು ಗಾಡಿಗಳ ಹಳಿ ಇತ್ತು. ರೈಲ್ವೆಯ ಪಿತಾಮಹ ಅನ್ನಿಸಿಕೊಂಡ ಜಾರ್ಜ್ ಸ್ಟೀಫನ್ಸನ್ 1781ರಲ್ಲಿ ಹುಟ್ಟಿದ ಮನೆ ಅದರ ಪಕ್ಕದಲ್ಲೇ ಇದೆ. ಸಮತಟ್ಟು ನೆಲ, ನೆರಳು, ಎರಡೂ ಸಿಗುತ್ತವೆ. ಟೈನ್‌ಮತ್‌ನಿಂದ ಸೇಂಟ್ ಮೇರಿ ದೀಪಸ್ತಂಭದವರೆಗಿನ ಕಡಲ ದಂಡೆಯಲ್ಲೂ ಓಡಿ ನೋಡಿ. ಉತ್ತರ ಸಮುದ್ರದ ಗಾಳಿ ಎದುರಿಗೆ ಬಂದರೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಾಗೋದು ಒಳ್ಳೆಯದು.

ಊಟಕ್ಕೆ ಹೊಸದೇನೂ ಬೇಕಾಗಲಿಲ್ಲ. ಹಿಂದಿನ ರಾತ್ರಿ ಅನ್ನ, ತಿಳಿಸಾರು. ಬೆಳಗ್ಗೆ ಓಡೋದಕ್ಕೆ ಎರಡೂವರೆ ಗಂಟೆ ಮುಂಚೆ ಮೊಸರವಲಕ್ಕಿ, ಒಂದು ಬಾಳೆಹಣ್ಣು. ಒಂದೂವರೆ ಗಂಟೆಗಿಂತ ಜಾಸ್ತಿ ಓಡುವ ದಿನ ಜೇಬಲ್ಲಿ ಖರ್ಜೂರ. ಸಸ್ಯಾಹಾರಿಗಳು ಒಂದು ಗಮನಿಸಿ. ಓಟದ ದಿನ ರಸ್ತೆ ಪಕ್ಕದ ಜನ ಪ್ರೀತಿಯಿಂದ ಜೆಲ್ಲಿ ಬೇಬಿ ಅನ್ನುವ ಮಿಠಾಯಿ ಹಂಚುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಾಟಿನ್ ಇರುತ್ತದೆ. ಕಿತ್ತಳೆ ತೊಳೆ ಕೊಡುವವರೂ ಇರುತ್ತಾರೆ, ಅದನ್ನು ತಗೊಳ್ಳಿ.

ಓಟದ ಜಾಗ ಬ್ಯಾಲಟ್‌ನಲ್ಲಿ, ಅಂದರೆ ಲಾಟರಿ ಎತ್ತಿದ ಹಾಗೆ ಹೆಸರು ಆರಿಸುವುದರಲ್ಲಿ, ಸಿಕ್ಕಿತು. ಸಿಗದವರು ಯಾವುದಾದರೂ ಸೇವಾಸಂಸ್ಥೆಗೆ ಹಣ ಕೂಡಿಸಿಕೊಟ್ಟು ಓಡಬಹುದು, ಹಾಗೆ ಓಡುವವರು ಬಹಳ.

ಹೊರಡುವ ಜಾಗದಿಂದ ನದಿಯವರೆಗೆ ರಸ್ತೆ ಇಳಿಜಾರು. ಸುತ್ತ ಜನ, ಸುರಂಗ ರಸ್ತೆಯೊಳಗೆ "ಓಗಿ ಓಗಿ ಓಗಿ" ಅಂತ ಒಬ್ಬರು ಕೂಗಿದರೆ "ಓಯ್ ಓಯ್ ಓಯ್" ಅಂತ ಸಾವಿರಾರು ಗಂಟಲು. ಕಾಲು ತಾನಾಗಿಯೇ ಓಡುತ್ತದೆ. ಇಲ್ಲೇ ತಡೆಯಬೇಕು. ಪಕ್ಕದವರ ಜೊತೆ ಬೇಕಂತಲೇ ಮಾತಾಡುತ್ತಾ ಹೋದೆ. ಟೈನ್ ಸೇತುವೆ ಮೇಲೆ ಬಂದಾಗ ಬ್ರಿಟನ್ನಿನ ವಾಯುಪಡೆಯ ಪ್ರದರ್ಶನ ತಂಡವಾದ ರೆಡ್ ಆರೋಸ್‌ನ ವಿಮಾನಗಳು ಬಣ್ಣದ ಹೊಗೆ ಬಿಡುತ್ತಾ ತಲೆ ಮೇಲೆ ಹಾದುಹೋದವು.

ಆಮೇಲಿನ ದಾರಿಯಲ್ಲಿ ನಾನು ಓದುತ್ತಾ ಓಡಿದ್ದು ಮುಂದಿನವರ ಬೆನ್ನನ್ನು. "ಅಪ್ಪನಿಗಾಗಿ" ಅಂತ ಬರೆದು ಕೆಳಗೆ ಒಂದು ಫೋಟೋ. "ನನ್ನ ತಂಗಿಗೆ" ಅಂತ ಇನ್ನೊಬ್ಬರದು. ಕ್ಯಾನ್ಸರ್‌ನಿಂದ ಹೋದವರು, ಹುಟ್ಟುತ್ತಲೇ ಹೋದ ಮಕ್ಕಳು. ಗಂಟಲು ಕಟ್ಟಿತು. ಎಷ್ಟು ಹೊತ್ತಿಗೆ ಮುಗಿಸುತ್ತೇನೆ ಅನ್ನುವ ಲೆಕ್ಕವನ್ನು ಅಲ್ಲೇ ಬಿಟ್ಟೆ.

ನಿಜವಾದ ಪರೀಕ್ಷೆ ಕೊನೆಯ ಭಾಗದ ಜಾನ್ ರೀಡ್ ರಸ್ತೆ. ನೋಡೋದಕ್ಕೆ ಅಂಥ ಏರು ಅಲ್ಲ, ಆದರೆ ಮುಗಿಯೋದೇ ಇಲ್ಲ. ಶುರುವಿನಲ್ಲಿ ನನ್ನನ್ನು ದಾಟಿ ಹೋಗಿದ್ದ ಎಷ್ಟೋ ಜನ ಇಲ್ಲಿ ನಡೆಯುತ್ತಿದ್ದರು. ನನ್ನ ಕಾಲಲ್ಲಿ ಇನ್ನೂ ಶಕ್ತಿ ಇತ್ತು. ಆಮೇಲೆ ಒಮ್ಮೆಲೇ ಸಮುದ್ರ ಕಾಣುತ್ತದೆ, ಕಡಿದಾದ ಒಂದು ಇಳಿಜಾರು ಬರುತ್ತದೆ. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಮೊಣಕಾಲಿಗೆ ಒಳ್ಳೆಯದು. ಕೊನೆಯ ಒಂದು ಮೈಲಿ ಕಡಲ ಪಕ್ಕ ನೇರ ರಸ್ತೆ. ಎರಡೂವರೆ ಗಂಟೆಯ ಒಳಗೆ ಮುಗಿಸಿದೆ.

ಮುಗಿದ ತಕ್ಷಣ ಕೂತುಬಿಡಬೇಡಿ, ಹತ್ತು ನಿಮಿಷ ನಡೆಯಿರಿ. ಬೆವರು ಆರಿದರೆ ಕಡಲ ಗಾಳಿಗೆ ನಡುಕ ಬರುತ್ತದೆ, ಒಣ ಬಟ್ಟೆ ಬ್ಯಾಗಿನಲ್ಲಿರಲಿ. ವಾಪಸ್ ಹೋಗುವ ಮೆಟ್ರೋಗೆ ಬಹಳ ಉದ್ದದ ಕ್ಯೂ ಇರುತ್ತದೆ. ನಾನು ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಕ್ಯೂನಲ್ಲೇ ನಿಂತು ತಿಂದೆ. ಸೋಮವಾರ ರಜೆ ಹಾಕಿ. ಮೆಟ್ಟಿಲು ಇಳಿಯೋದು ಎರಡು ದಿನ ಕಷ್ಟ.