ಕಲ್ಲಿಗೂ ಸವಳು ಹಿಡಿಯುತ್ತೆ

ಉಪ್ಪುನೀರು ತುಂಬಿದ ಕಲ್ಲಿಗೆ ಒಣ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಒಳಗೆ ಉಪ್ಪು ಹೇಗೆ ಕಟ್ಟುತ್ತೆ ಅಂತ ನೋಡುತ್ತಿದ್ದೆ. ಮೊದಲ ಸಲ ಉಪ್ಪೇ ಬರಲಿಲ್ಲ. ಎರಡು ದಿನ ಪಂಪ್ ಓಡಿಸಿದರೂ ಒತ್ತಡದ ಮುಳ್ಳು ಮಿಸುಕಲಿಲ್ಲ. ಪೈಪ್ ಹಿಡಿದು ಹಿಂದಕ್ಕೆ ಹೋಗಿ ನೋಡಿದರೆ, ಹಿಂದಿನ ಪ್ರಯೋಗದಲ್ಲಿ ಗ್ಯಾಸನ್ನು ತೇವ ಮಾಡಲು ಇಟ್ಟಿದ್ದ ನೀರಿನ ಸಿಲಿಂಡರ್ ಅಲ್ಲೇ ಇತ್ತು. ತೆಗೆಯೋದು ಮರೆತಿದ್ದೆ. ಹೊಟ್ಟೆ ತುಂಬ ನೀರು ಕುಡಿದು ಬಂದ ಕಾರ್ಬನ್ ಡೈಆಕ್ಸೈಡ್ ಕಲ್ಲಿನೊಳಗಿನ ನೀರನ್ನು ಯಾಕೆ ಮುಟ್ಟುತ್ತೆ?

ಕಾರ್ಖಾನೆಗಳಲ್ಲಿ ಹಿಡಿದ ಈ ಗ್ಯಾಸ್ ಗಾಳಿಗೆ ಸೇರದಿರಲಿ ಅಂತ ನೆಲದಾಳದ ಮರಳುಗಲ್ಲಿಗೆ ಇಳಿಸುತ್ತಾರೆ. ಆ ಕಲ್ಲಿನ ತೂತುಗಳ ತುಂಬ ಉಪ್ಪುನೀರು. ಒಣ ಗ್ಯಾಸ್ ನೀರನ್ನು ಆವಿ ಮಾಡಿ ಒಯ್ಯುತ್ತೆ, ಉಪ್ಪು ಅಲ್ಲೇ ಕೂರುತ್ತೆ. ಬಾವಿಯ ಪಕ್ಕದಲ್ಲೇ ಕಟ್ಟಿಕೊಂಡರೆ ಮುಂದೆ ಗ್ಯಾಸ್ ಹೋಗೋದೇ ಕಷ್ಟ. ನಾರ್ವೆಯ ಒಂದು ಲ್ಯಾಬಿನಲ್ಲಿ ಇದನ್ನೇ ಸಣ್ಣದಾಗಿ ಮಾಡಿ ನೋಡುವುದು ನನ್ನ ಕೆಲಸ.

ಕಲ್ಲು ಅಮೆರಿಕದ ಓಹಾಯೋದ್ದು, ಬೆರಿಯಾ ಮರಳುಗಲ್ಲು. ದೊಡ್ಡ ಟಾರ್ಚ್ ಸೆಲ್ಲಿನಷ್ಟು ತುಂಡು. ಒಣಗಿಸಿ ತೂಗಿದೆ. ಒಳಗಿನ ಗಾಳಿ ಎಳೆದು 25% ಉಪ್ಪುನೀರು ಕುಡಿಸಿದೆ. ರಬ್ಬರ್ ಕೊಳವೆಯೊಳಗಿಟ್ಟು 50 ಡಿಗ್ರಿ, 100 ಬಾರ್ ಒತ್ತಡಕ್ಕೆ ತಂದೆ. 31 ಡಿಗ್ರಿ, 74 ಬಾರ್ ದಾಟಿದರೆ ಕಾರ್ಬನ್ ಡೈಆಕ್ಸೈಡ್ ಅತ್ತ ಗ್ಯಾಸೂ ಅಲ್ಲ, ಇತ್ತ ದ್ರವವೂ ಅಲ್ಲ. ಆಳದಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತೆ.

ಶುರು ಮಾಡುವ ಮುಂಚೆ ಲೆಕ್ಕ ಹಾಕಿದ್ದೆ. ಅಂಥ ಒಂದು ಲೀಟರ್ ನೀರಿನಲ್ಲಿ ಸುಮಾರು 300 ಗ್ರಾಂ ಉಪ್ಪು. ಗಟ್ಟಿಯಾದರೆ ಅದಕ್ಕೆ ಬೇಕಾಗೋದು 140 ಮಿಲಿಲೀಟರ್ ಜಾಗ, ಅಂದರೆ ತೂತುಗಳ ಏಳನೇ ಒಂದು ಪಾಲು. ಅದರಲ್ಲೂ ಒಂದಷ್ಟು ನೀರನ್ನು ಗ್ಯಾಸೇ ಮುಂದೆ ತಳ್ಳಿಬಿಡುತ್ತೆ. ಇಷ್ಟೇ ತಾನೇ ಅಂದುಕೊಂಡೆ.

ಎರಡನೇ ಸಲ ಒಣ ಗ್ಯಾಸನ್ನು ತುಂಬಾ ನಿಧಾನವಾಗಿ ಬಿಟ್ಟೆ. ಒತ್ತಡ ಏರುತ್ತಲೇ ಹೋಯಿತು. ಕಲ್ಲು ಹೊರತೆಗೆದರೆ ಗ್ಯಾಸ್ ಹೊಕ್ಕ ಮುಖದ ಮೇಲೆ ಬಿಳಿ ಹಕ್ಕಳೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಉದ್ದಕ್ಕೆ ಸೀಳಿದೆ. ಬಾಯಿಂದ ಒಂದು ಬೆರಳಗಲ ಉಪ್ಪೋ ಉಪ್ಪು. ಆಚೆ ತುದಿ ಇನ್ನೂ ತೇವ.

ಇದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ, ಸಿಂಧನೂರಿನ ನಮ್ಮ ಹೊಲದಲ್ಲಿ! ಕಾಲುವೆ ನೀರು ಜಾಸ್ತಿಯಾಗಿ ಸವಳು ಹಿಡಿದಿತ್ತು. ಮೇಲೆ ಒಣಗಿದಷ್ಟೂ ಮಣ್ಣು ಕೆಳಗಿನ ನೀರನ್ನು ಎಳೆಯುತ್ತೆ, ನೀರು ಹಾರಿ ಉಪ್ಪು ಉಳಿಯುತ್ತೆ. ಕಲ್ಲಿನಲ್ಲೂ ಒಣಗಿದ ಬಾಯಿ ಹಿಂದಿನ ಉಪ್ಪುನೀರನ್ನು ತನ್ನತ್ತ ಹೀರುತ್ತಿತ್ತು. ಇದ್ದ ಉಪ್ಪಿಗೆ ಲೆಕ್ಕ ಹಾಕಿದ್ದೆ, ಬರುವ ಉಪ್ಪಿಗಲ್ಲ. ಅಪ್ಪನಿಗೆ ಫೋಟೋ ಕಳಿಸಿದೆ. "ಬಸಿಗಾಲುವಿ ತೆಗಿಬೇಕಿತ್ತು ನೋಡಪಾ" ಅಂದ.

ಮೂರನೇ ಸಲ ವೇಗ ಹತ್ತು ಪಟ್ಟು. ಉಪ್ಪು ಕಲ್ಲಿನ ಉದ್ದಕ್ಕೂ ಹರಡಿತು, ಬಾಯಿ ಕಟ್ಟಲಿಲ್ಲ. ಆದರೆ ನಿಜವಾದ ಬಾವಿಯಲ್ಲಿ ಸುಮ್ನೆ ವೇಗ ಏರಿಸೋಕಾಗಲ್ಲ, ಕಲ್ಲು ಬಿರುಕು ಬಿಡುತ್ತೆ. ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಸ್ನೋಹ್ವಿಟ್ ಎಂಬ ನೈಸರ್ಗಿಕ ಅನಿಲ ಕ್ಷೇತ್ರದಲ್ಲಿ 2008ರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಲು ಶುರು ಮಾಡಿದಾಗ ಬೇಗನೆ ಒತ್ತಡ ಏರಿತ್ತು. ಗ್ಲೈಕಾಲ್ ಎಂಬ ದ್ರವ ಬೆರೆಸಿದ ನೀರು ಬಿಟ್ಟು ಉಪ್ಪು ಕರಗಿಸಿದರು. ಆ ಪದರದಲ್ಲಿ ಜಾಗವೂ ಸಾಲದೆ 2011ರಲ್ಲಿ ಬೇರೆ ಪದರಕ್ಕೆ ಹೋಗಬೇಕಾಯಿತು.

ನಾನು ಬರೀ ಸಿಹಿನೀರು ಬಿಟ್ಟು ನೋಡಿದೆ. ಉಪ್ಪು ಕರಗಿತು, ಆದರೆ ಕಲ್ಲಿನೊಳಗಿನ ಜೇಡಿ ಕಣಗಳು ಸಡಿಲಾಗಿ ಮತ್ತೆ ದಾರಿ ಕಟ್ಟಿದವು. ಈಗ 3% ಉಪ್ಪುನೀರಲ್ಲೇ ತೊಳೆಯುತ್ತಿದ್ದೇನೆ. ಬಾಯಿ ಬಿಡಲು ಒಂದು ರಾತ್ರಿ ಹಿಡಿಯುತ್ತೆ.